ಆಕಾಶದಿಂದ ಅಂಗುಲದ ಲೆಕ್ಕ

ಹೋದ ಬೇಸಿಗೆಯಲ್ಲಿ ತುರುವೇಕೆರೆ ಕಡೆಯ ನಮ್ಮ ತೋಟಕ್ಕೆ ಹದ್ದುಬಸ್ತಿಗೆಂದು ಸರ್ವೆಯರ್ ಬಂದಿದ್ದರು. ಸರಪಳಿಯ ಎರಡು ತುದಿ ಹಿಡಿಯಲು ಜನ ಬೇಕಲ್ಲ ಎಂದು ಚಿಕ್ಕಪ್ಪ ಬೆಳಿಗ್ಗೆಯೇ ಇಬ್ಬರು ಆಳುಗಳನ್ನು ಕರೆಸಿ ಕೂರಿಸಿದ್ದರು. ಸರ್ವೆಯರ್ ಬೈಕಿನಿಂದ ಇಳಿಸಿದ್ದು ಎರಡು ಮೀಟರಿನ ಒಂದು ಕೋಲು, ಅದರ ತುದಿಗೆ ತಿರುಗಿಸಿ ಕೂರಿಸುವ ಬಿಳಿ ಡಬ್ಬಿ, ಮೊಬೈಲಿನಂಥ ಒಂದು ಪರದೆ, ಇಷ್ಟೇ.

"ಸರಪಳಿ ಎಲ್ಲಿ ಸ್ವಾಮಿ?" ಎಂದರು ಚಿಕ್ಕಪ್ಪ.

"ಈಗ ಇದೇ ಯಜಮಾನ್ರೇ, ರೋವರ್ ಅಂತ."

ತೆಂಗಿನ ಮರಗಳ ನಡುವೆ ಬದುವಿನ ಮೇಲೆ ಕೋಲು ಊರಿದಾಗ ಪರದೆಯಲ್ಲಿ 'ಫ್ಲೋಟ್' ಎಂದು ಬಂತು. ಹತ್ತು ನಿಮಿಷ ಕಾದರೂ ಬದಲಾಗಲಿಲ್ಲ. ಸರ್ವೆಯರ್ ಕೋಲು ಕಿತ್ತುಕೊಂಡು ಪಕ್ಕದ ರಾಗಿ ಹೊಲದ ಬಯಲಿಗೆ ಹೋಗಿ ನಿಂತರು. ಅರ್ಧ ನಿಮಿಷದಲ್ಲಿ ಅಕ್ಷರ ಹಸಿರಾಗಿ 'ಫಿಕ್ಸ್' ಎಂದಾಯಿತು. ಪಕ್ಕದಲ್ಲಿ 0.014 ಎಂಬ ಅಂಕಿ. ಮೀಟರ್ ಲೆಕ್ಕದಲ್ಲಿ ಹದಿನಾಲ್ಕು ಮಿಲಿಮೀಟರ್, ಅರ್ಧ ಅಂಗುಲಕ್ಕೆ ಚೂರು ಹೆಚ್ಚು. ಚಿಕ್ಕಪ್ಪ ತಮ್ಮ ಫೋನು ತೆಗೆದು ತೋರಿಸಿದರು. "ಇದಕ್ಕೂ ಅದೇ ಉಪಗ್ರಹ ತಾನೇ? ಇದು ನಾನು ಮನೇಲಿದ್ರೆ ರಸ್ತೆ ಮೇಲಿದ್ದೀನಿ ಅನ್ನುತ್ತೆ. ನಿಮ್ದು ಹೆಂಗೆ ಅಂಗುಲ ಹೇಳುತ್ತೆ?"

ಆಗ ಯಾರ ಬಳಿಯೂ ಪುರಸೊತ್ತಾಗಿ ಉತ್ತರ ಹೇಳಲು ಹೊತ್ತಿರಲಿಲ್ಲ. ಆದರೆ ಜಮೀನಿನ ಅಳತೆ ಈ ಕೋಲಿನ ಮೇಲೆ ನಿಲ್ಲುತ್ತಿರುವ ಕಾಲದಲ್ಲಿ ಪ್ರತಿ ರೈತನಿಗೂ ಈ ಉತ್ತರ ಗೊತ್ತಿರಬೇಕು ಎಂದು ನನಗನ್ನಿಸಿತು. ಅದಕ್ಕೇ ಈ ಬರಹ.

ಉಪಗ್ರಹ ನಮಗೆ ಹೇಳುವುದು ಎರಡೇ ಸಂಗತಿ: ತಾನು ಎಲ್ಲಿದ್ದೇನೆ, ತನ್ನ ಗಡಿಯಾರದಲ್ಲಿ ಈಗ ಎಷ್ಟು ಹೊತ್ತು. ಅಮೆರಿಕದ ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿಂದ ಹೊರಟ ಸಂಕೇತ ಸೆಕೆಂಡಿನ ಸುಮಾರು ಹದಿನೈದನೇ ಒಂದು ಪಾಲಿನಲ್ಲಿ ನಮ್ಮನ್ನು ಮುಟ್ಟುತ್ತದೆ. ಹೊರಟ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಇರುವ ವ್ಯತ್ಯಾಸವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಮೂರು ಉಪಗ್ರಹಗಳ ದೂರ ಗೊತ್ತಾದರೆ ನಾವಿರುವ ಜಾಗ ಗೊತ್ತಾಗಬೇಕು. ಆದರೆ ನಮ್ಮ ಕೈಯಲ್ಲಿರುವ ಅಗ್ಗದ ಗಡಿಯಾರವೂ ತಪ್ಪು ತೋರಿಸುತ್ತಿರುತ್ತದೆ. ಆ ತಪ್ಪನ್ನು ಕಳೆಯಲು ನಾಲ್ಕನೇ ಉಪಗ್ರಹ ಬೇಕು.

ಇಲ್ಲಿ ಎಲ್ಲವೂ ಗಡಿಯಾರದ ಆಟ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ನೆಲದಲ್ಲಿ 30 ಸೆಂಟಿಮೀಟರ್, ಅಂದರೆ ಒಂದಡಿ ತಪ್ಪುತ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಡುತ್ತಾರೆ. ಅದೂ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯ ಲೆಕ್ಕದಂತೆ ಅದನ್ನು ಮೊದಲೇ ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು 11 ಕಿಲೋಮೀಟರ್ ತಪ್ಪು ಕೂಡಿಕೊಳ್ಳುತ್ತದೆ. ನಮ್ಮ ಇಸ್ರೋ ಈ ಗಡಿಯಾರದ ವಿಷಯದಲ್ಲಿ ಪಟ್ಟ ಪಾಡು ಸಣ್ಣದಲ್ಲ. 2013ರಲ್ಲಿ ಹಾರಿಸಿದ, ಜಿಪಿಎಸ್‌ನಂಥ ನಮ್ಮದೇ ನಾವಿಕ್ ಸರಣಿಯ ಮೊದಲ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರೂ ರುಬಿಡಿಯಂ ಗಡಿಯಾರಗಳು ಕೈಕೊಟ್ಟವು. 2023ರ ಮೇ 29ರಂದು ಮೇಲೇರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಕೂತಿತು. ರಾಕೆಟ್ ಹಾರಿದ್ದಕ್ಕಿಂತ ಆ ಗಡಿಯಾರ ಕೂತದ್ದು ನನಗೆ ದೊಡ್ಡ ಸುದ್ದಿಯಾಗಿ ಕಂಡಿತ್ತು.

ಈಗ ಚಿಕ್ಕಪ್ಪನ ಫೋನಿನ ವಿಷಯಕ್ಕೆ ಬರೋಣ. ಫೋನು ದೂರ ಅಳೆಯುವುದು ಸಂಕೇತದಲ್ಲಿ ಬರುವ ಸೊನ್ನೆ-ಒಂದುಗಳ ಸಾಲನ್ನು ನೋಡಿ. ಜಿಪಿಎಸ್‌ನ ಹಳೆಯ ಸಾರ್ವಜನಿಕ ಸಂಕೇತದಲ್ಲಿ ಆ ಸಾಲಿನ ಒಂದೊಂದು ತುಣುಕು ಸುಮಾರು 300 ಮೀಟರ್ ಉದ್ದ. ತುಣುಕಿನ ನೂರನೇ ಒಂದು ಪಾಲನ್ನು ಗುರುತಿಸುವಷ್ಟು ಚುರುಕಾದ ಯಂತ್ರಕ್ಕೂ ಮೂರು ಮೀಟರಿನ ಮಸುಕು ಉಳಿಯುತ್ತದೆ. ಅದರ ಮೇಲೆ ದಾರಿಯ ತೊಡಕುಗಳು ಸೇರುತ್ತವೆ. ಉಪಗ್ರಹದ ಗಡಿಯಾರ, ಕಕ್ಷೆ ಎರಡರಲ್ಲೂ ಸಣ್ಣ ತಪ್ಪಿರುತ್ತದೆ. ಮೇಲಿನ ಅಯಾನುಗೋಳ ಸಂಕೇತವನ್ನು ತಡವಾಗಿಸುತ್ತದೆ, ಕೆಳಗಿನ ತೇವದ ಗಾಳಿಯೂ ತಡವಾಗಿಸುತ್ತದೆ. ತಗಡಿನ ಸೂರಿಗೆ ಬಡಿದು ಸುತ್ತಿ ಬಂದ ಸಂಕೇತವನ್ನು ಯಂತ್ರ ನೇರ ಬಂದದ್ದೆಂದು ನಂಬಿಬಿಡುತ್ತದೆ. ಬಯಲಿನಲ್ಲಿ ನಿಂತ ಫೋನು ಐದು ಮೀಟರಿನೊಳಗೆ ಜಾಗ ಹೇಳಿದರೆ ಅದು ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ.

ರೋವರ್ ಹಿಡಿಯುವುದು ಬೇರೆ ಅಳತೆಗೋಲು. ಸೊನ್ನೆ-ಒಂದುಗಳನ್ನು ಹೊತ್ತು ತರುವ ರೇಡಿಯೊ ಅಲೆ ಇದೆಯಲ್ಲ, ಅದನ್ನೇ ಅದು ಅಳೆಯುತ್ತದೆ. ಜಿಪಿಎಸ್‌ನ ಮೊದಲ ಅಲೆಯ ಉದ್ದ 19 ಸೆಂಟಿಮೀಟರ್, ಎರಡನೆಯದರ ಉದ್ದ 24.4 ಸೆಂಟಿಮೀಟರ್. ಒಂದು ಗೇಣಿಗಿಂತ ಚೂರು ಗಿಡ್ಡ, ಇನ್ನೊಂದು ಚೂರು ಉದ್ದ. ಗೇಣುದ್ದದ ಅಲೆಯ ನೂರನೇ ಪಾಲನ್ನು ಗುರುತಿಸಿದರೆ ಎರಡು ಮಿಲಿಮೀಟರ್ ಆಯಿತು. ಜಿಪಿಎಸ್ ಕಟ್ಟಿದ ಸೈನ್ಯದವರ ಮನಸ್ಸಿನಲ್ಲಿದ್ದದ್ದು ಸೊನ್ನೆ-ಒಂದುಗಳ ಲೆಕ್ಕ. ಅಲೆಯನ್ನೇ ಅಳೆಯಬಹುದೆಂದು ತೋರಿಸಿಕೊಟ್ಟವರಲ್ಲಿ ಎಂಐಟಿಯ ಚಾರ್ಲ್ಸ್ ಕೌನ್ಸೆಲ್‌ಮನ್ ಮೊದಲಿಗರು. ದೂರದ ನಕ್ಷತ್ರಲೋಕದ ರೇಡಿಯೊ ಅಲೆಗಳನ್ನು ಅಳೆಯುವ ವಿದ್ಯೆಯನ್ನು ಅವರು 1980ರ ಆಸುಪಾಸಿನಲ್ಲಿ ಭೂಮಾಪನಕ್ಕೆ ತಂದರು.

ಆದರೆ ಅಲೆಯಲ್ಲಿ ಒಂದು ಕಷ್ಟವಿದೆ. ಒಂದು ಅಲೆ ಇದ್ದಂತೆಯೇ ಮುಂದಿನದೂ ಇರುತ್ತದೆ. ಕೊನೆಯ ಅಲೆ ಎಷ್ಟು ಪಾಲು ಬಂದಿದೆ ಎಂದು ಯಂತ್ರಕ್ಕೆ ಗೊತ್ತು. ಅದಕ್ಕೆ ಮುಂಚೆ ಉಪಗ್ರಹದಿಂದ ಇಲ್ಲಿಯವರೆಗೆ ಎಷ್ಟು ಇಡೀ ಅಲೆಗಳಿವೆ ಎಂದು ಗೊತ್ತಿಲ್ಲ. ಅದು ಹತ್ತು ಕೋಟಿಯನ್ನು ಮೀರಿದ ಎಣಿಕೆ. ಒಂದು ಅಲೆ ಹೆಚ್ಚು-ಕಡಿಮೆಯಾದರೂ ಒಂದು ಗೇಣು ತಪ್ಪಿತು.

ಇದನ್ನು ಬಿಡಿಸುವ ಬಗೆ ನಮ್ಮ ತೆಂಗಿನ ಸೀಮೆಯವರಿಗೆ ಬೇಗ ತಿಳಿಯುತ್ತದೆ. ಒಂದು ರಾಶಿ ಕಾಯಿ ಬಿದ್ದಿದೆ ಎನ್ನಿ. ಏಳೇಳರಂತೆ ಎಣಿಸಿ ಎತ್ತಿದರೆ ಕೊನೆಗೆ ಮೂರು ಉಳಿಯುತ್ತವೆ. ಐದೈದರಂತೆ ಎತ್ತಿದರೆ ಎರಡು ಉಳಿಯುತ್ತವೆ. ಎಷ್ಟು ಸಲ ಎತ್ತಿದಿರೋ ಮರೆತುಬಿಟ್ಟಿದ್ದೀರಿ. ರಾಶಿಯಲ್ಲಿ ಎಷ್ಟಿದ್ದವು? 17 ಇರಬಹುದು, 52 ಇರಬಹುದು, 87 ಇರಬಹುದು. ನಡುವಿನ ಬೇರೆ ಯಾವ ಸಂಖ್ಯೆಯೂ ಹೊಂದುವುದಿಲ್ಲ. ಈಗ ರಾಶಿ ನೋಡಿದವರೊಬ್ಬರು "ಐವತ್ತರ ಆಸುಪಾಸು ಇತ್ತು" ಎಂದರೆ ಸಾಕು, ಲೆಕ್ಕ 52 ಎಂದು ನಿಂತುಬಿಡುತ್ತದೆ. ಕಣ್ಣಂದಾಜು ಒರಟಾಗಿದ್ದರೂ ಉತ್ತರ ಒಂದು ಕಾಯಿಯೂ ತಪ್ಪುವುದಿಲ್ಲ.

ರೋವರಿನಲ್ಲಿ ಕಣ್ಣಂದಾಜಿನ ಕೆಲಸ ಸೊನ್ನೆ-ಒಂದುಗಳದ್ದು, ಉಳಿದ ಕಾಯಿಯ ಕೆಲಸ ಅಲೆಯ ಕೊನೆಯ ಪಾಲಿನದು. ಮೊದಲ ಅಲೆಯ 77 ಉದ್ದ, ಎರಡನೇ ಅಲೆಯ 60 ಉದ್ದ ಸರಿಸಮ. ಎರಡೂ ಸುಮಾರು 14.65 ಮೀಟರ್. ಅಂದರೆ ಎರಡೂ ಅಲೆಗಳ ಉಳಿಕೆ ಒಟ್ಟಿಗೆ ಮತ್ತೆ ಅದೇ ಆಗಬೇಕಾದರೆ ಅಷ್ಟು ದೂರ ಹೋಗಬೇಕು. ಜಾಗದ ಅಂದಾಜು ಒಂದೆರಡು ಮೀಟರಿನೊಳಗೆ ಸಿಕ್ಕಿದ್ದರೆ ಸರಿಯಾದ ಎಣಿಕೆಯನ್ನು ಹೆಕ್ಕಬಹುದು. ನಿಜವಾದ ಅಳತೆಯಲ್ಲಿ ಗದ್ದಲ ಇದ್ದೇ ಇರುವುದರಿಂದ ಯಂತ್ರ ಹತ್ತಾರು ಉಪಗ್ರಹಗಳ ಉಳಿಕೆಗಳನ್ನು ಒಟ್ಟಿಗೆ ಹೊಂದಿಸಿ ನೋಡುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಪೀಟರ್ ಟ್ಯೂನಿಸನ್ 1993ರಲ್ಲಿ ಮುಂದಿಟ್ಟ ವಿಧಾನ ಇದಕ್ಕೆ ಹೆಸರಾಗಿದೆ. ಎಣಿಕೆ ಇಡೀ ಸಂಖ್ಯೆಯಾಗಿ ನಿಂತಾಗ ಪರದೆಯಲ್ಲಿ 'ಫಿಕ್ಸ್', ಇನ್ನೂ ತೂಗಾಡುತ್ತಿದ್ದರೆ 'ಫ್ಲೋಟ್'. ಫ್ಲೋಟ್‌ನಲ್ಲಿ ತೆಗೆದ ಅಳತೆ ಅರ್ಧ ಅಡಿಯಿಂದ ಒಂದೆರಡು ಅಡಿವರೆಗೂ ತಪ್ಪಬಹುದು. ನಿಮ್ಮ ಗಡಿ ಅಳೆಯುವಾಗ ಪರದೆಯಲ್ಲಿ ಏನಿದೆ ಎಂದು ಕೇಳಿ ನೋಡಿ.

ಉಳಿಕೆಗಳಿಂದ ಮೂಲಸಂಖ್ಯೆ ಹುಡುಕುವ ಈ ಬಗೆಯ ಗಣಿತಕ್ಕೆ ನಮ್ಮವರು ಕುಟ್ಟಕ ಎನ್ನುತ್ತಿದ್ದರು. ಆರ್ಯಭಟ ಅದನ್ನು ಹೇಳಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಬಾಳೆಹಣ್ಣಿನ ರಾಶಿಗಳನ್ನು ದಾರಿಹೋಕರಿಗೆ ಹಂಚುವ ಲೆಕ್ಕಗಳಾಗಿ ಅದನ್ನು ಕಲಿಸಿದ. ಉಪಗ್ರಹದ ಗಣಿತ ಅವನಿಗೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹಣ್ಣಿನ ರಾಶಿಯಿಂದ ಆ ಲೆಕ್ಕ ಕಲಿತ ನಾಡಿನವರಿಗೆ ರೋವರ್ ಅರ್ಥವಾಗದ ಮಾಯೆಯಾಗಿ ಉಳಿಯಬೇಕಿಲ್ಲ ಎನ್ನುವುದಷ್ಟೇ ನನ್ನ ಮಾತು.

ಇನ್ನು ದಾರಿಯ ತೊಡಕುಗಳು. ಅವನ್ನು ಕಳೆಯುವ ಉಪಾಯ ತುಂಬ ಸರಳ. ಮೊದಲೇ ಕರಾರುವಾಕ್ಕಾಗಿ ಅಳೆದಿಟ್ಟ ಒಂದು ಜಾಗದಲ್ಲಿ ಇನ್ನೊಂದು ಯಂತ್ರ ಕೂರಿಸುತ್ತಾರೆ. ಅದಕ್ಕೆ ಬೇಸ್ ಎನ್ನುತ್ತಾರೆ. ಉಪಗ್ರಹಗಳು ಹೇಳುವ ಜಾಗವೇ ಬೇರೆ, ತಾನು ನಿಜವಾಗಿ ಇರುವ ಜಾಗವೇ ಬೇರೆ ಎಂದು ಅದಕ್ಕೆ ಗೊತ್ತಾಗುತ್ತದೆ. ಆ ವ್ಯತ್ಯಾಸವನ್ನು ಅದು ರೋವರಿಗೆ ಕಳುಹಿಸುತ್ತಲೇ ಇರುತ್ತದೆ. ಇಬ್ಬರ ತಲೆಯ ಮೇಲಿರುವುದೂ ಹೆಚ್ಚುಕಡಿಮೆ ಒಂದೇ ಆಕಾಶವಾದ್ದರಿಂದ ಒಬ್ಬರ ತಪ್ಪು ಇನ್ನೊಬ್ಬರದ್ದೂ ಹೌದು, ಕಳೆದರೆ ಹೋಗುತ್ತದೆ. ಬೇಸ್ ದೂರವಾದಷ್ಟೂ ಆಕಾಶ ಬೇರೆಯಾಗುತ್ತ ಹೋಗುತ್ತದೆ. ಒಳ್ಳೆಯ ಯಂತ್ರಗಳಲ್ಲೂ ಕಿಲೋಮೀಟರಿಗೆ ಒಂದು ಮಿಲಿಮೀಟರಿನಂತೆ ತಪ್ಪು ಕೂಡುತ್ತದೆ ಎಂಬುದು ರೂಢಿಯ ಲೆಕ್ಕ.

ಮೊದಲೆಲ್ಲ ಪ್ರತಿ ಕೆಲಸಕ್ಕೂ ಬೇಸ್ ಹೊತ್ತು ತಿರುಗಬೇಕಿತ್ತು. ಈಗ ಸರ್ವೆ ಆಫ್ ಇಂಡಿಯಾ ದೇಶದ ಉದ್ದಗಲಕ್ಕೂ ಹಗಲಿರುಳು ಓಡುವ ಸಾವಿರಕ್ಕೂ ಹೆಚ್ಚು ಕಾಯಂ ಬೇಸ್‌ಗಳನ್ನು ನೆಟ್ಟಿದೆ. ಅವುಗಳ ಜಾಲಕ್ಕೆ ಕಾರ್ಸ್ ಎಂದು ಹೆಸರು. ಸುತ್ತಲಿನ ಹಲವು ಬೇಸ್‌ಗಳ ಮಾಹಿತಿ ಕೂಡಿಸಿ, ನೀವು ನಿಂತ ಹೊಲದ ಪಕ್ಕದಲ್ಲೇ ಒಂದು ಬೇಸ್ ಇದ್ದಂತೆ ತಿದ್ದುಪಡಿ ಲೆಕ್ಕಹಾಕಿ ಕಳುಹಿಸುತ್ತಾರೆ. ಅದು ಬರುವುದು ರೋವರಿನಲ್ಲಿರುವ ಸಿಮ್ ಮೂಲಕ. ಮೊಬೈಲ್ ಸಿಗ್ನಲ್ ಇಲ್ಲದ ಮಲೆನಾಡಿನ ಕಣಿವೆಯಲ್ಲಿ ಆಕಾಶ ಎಷ್ಟು ತಿಳಿಯಾಗಿದ್ದರೂ ಕೆಲಸ ನಿಲ್ಲುವುದು ಅದಕ್ಕೇ.

ಹಾಗೆ ನೋಡಿದರೆ ಗೊತ್ತಿರುವ ಒಂದು ಕಡೆಯಿಂದ ಗೊತ್ತಿಲ್ಲದ್ದನ್ನು ಅಳೆಯುವುದು ಹಳೆಯ ಪದ್ಧತಿಯೇ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೂರಡಿಯ ಉಕ್ಕಿನ ಸರಪಳಿಯಿಂದ ಮೈಲುಗಟ್ಟಲೆ ಉದ್ದದ ಆಧಾರರೇಖೆ ಅಳೆದ. ಉಕ್ಕು ಬಿಸಿಲಿಗೆ ಹಿಗ್ಗುವುದರಿಂದ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಉಷ್ಣತೆ ನೋಡಿ ಲೆಕ್ಕ ತಿದ್ದುತ್ತಿದ್ದರು. ಆ ಒಂದು ರೇಖೆ ಸರಿಯಿದ್ದರೆ ಅದರ ಮೇಲೆ ಕಟ್ಟಿದ ತ್ರಿಕೋನಗಳೆಲ್ಲ ಸರಿ. ಇಂದು ಆ ಜಾಗದಲ್ಲಿ ಕಾರ್ಸ್ ಬೇಸ್‌ಗಳು ನಿಂತಿವೆ.

ಯಂತ್ರ ಇಷ್ಟು ಜಾಣವಾದರೂ ಅದರ ಅಳತೆ ಕೆಡಿಸುವ ಸಂಗತಿಗಳು ಸುತ್ತಮುತ್ತಲೇ ಇವೆ. ಕೋಲಿನಲ್ಲಿ ಒಂದು ನೀರುಗುಳ್ಳೆ ಇರುತ್ತದೆ. ಎರಡು ಮೀಟರಿನ ಕೋಲು ಒಂದೇ ಒಂದು ಡಿಗ್ರಿ ವಾಲಿದರೆ ತುದಿ ಮೂರೂವರೆ ಸೆಂಟಿಮೀಟರ್ ಆಚೆ ಹೋಯಿತು. ಉಪಗ್ರಹ, ಕಾರ್ಸ್, ಗಣಿತ ಎಲ್ಲ ಸೇರಿ ತಂದ ನಿಖರತೆ ಕೈ ನಡುಗಿದ್ದಕ್ಕೆ ಹೋಯಿತು. ವಾಲಿದ್ದನ್ನು ತಾನೇ ತಿದ್ದಿಕೊಳ್ಳುವ ರೋವರ್‌ಗಳೂ ಬಂದಿವೆ. ತೆಂಗು, ಅಡಕೆ, ಮಾವಿನ ತೋಟದಲ್ಲಿ ಎಲೆಗಳು ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತವೆ, ಪ್ರತಿ ಸಲವೂ ಎಣಿಕೆ ಮೊದಲಿಂದ ಶುರು. ಅಂಥ ಕಡೆ ಬಯಲಿನಲ್ಲಿ ಎರಡು ಬಿಂದು ಫಿಕ್ಸ್ ಮಾಡಿಕೊಂಡು, ಅಲ್ಲಿಂದ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಅಥವಾ ಟೇಪು ಹಿಡಿದು ಒಳಗೆ ಹೋಗುವುದೇ ಸರಿಯಾದ ದಾರಿ.

ಹೊತ್ತೂ ನೋಡಬೇಕು. ಭೂಕಾಂತದ ಸಮಭಾಜಕ ರೇಖೆ ಹಾದುಹೋಗುವುದು ನಮ್ಮ ದೇಶದ ದಕ್ಷಿಣ ತುದಿಯಲ್ಲಿ, ತಿರುವನಂತಪುರದ ಬಳಿ. ಹಾಗಾಗಿ ಯುರೋಪಿನವರಿಗಿಂತ ನಮ್ಮ ಮೇಲಿನ ಅಯಾನುಗೋಳ ಹೆಚ್ಚು ಕಲಕಿರುತ್ತದೆ. ಬಿಸಿಲು ಏರಿದಂತೆ ಅದರ ಅಡ್ಡಿ ಬೆಳೆದು ಮಧ್ಯಾಹ್ನದ ಮೇಲೆ ತುಂಬ ಜಾಸ್ತಿಯಾಗುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆ ಕತ್ತಲಾದ ಮೇಲೆ ಸಂಕೇತ ಮಿನುಗುವ ಸಂಭವ ಹೆಚ್ಚು. 2024ರ ಮೇ 10ರಂದು ಸೂರ್ಯನಿಂದ ಎದ್ದ ಬಿರುಗಾಳಿಗೆ ಅಮೆರಿಕದ ಮಧ್ಯಭಾಗದಲ್ಲಿ ಬಿತ್ತನೆಗೆ ಇಳಿದಿದ್ದ, ಉಪಗ್ರಹ ನಂಬಿ ತಾವೇ ಸಾಲು ಹಿಡಿಯುವ ಟ್ರ್ಯಾಕ್ಟರುಗಳು ದಾರಿ ತಪ್ಪಿ ಎಷ್ಟೋ ರೈತರು ಕೆಲಸ ನಿಲ್ಲಿಸಬೇಕಾಯಿತು. ಮುಖ್ಯವಾದ ಅಳತೆಯನ್ನು ಬೆಳಿಗ್ಗೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ರೋವರ್ ಹೇಳುವುದು ಕೋಲು ಎಲ್ಲಿ ನಿಂತಿದೆ ಎಂದು. ನಿಮ್ಮ ಗಡಿ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಗಡಿ ಇರುವುದು ಟಿಪ್ಪಣಿಯಲ್ಲಿ, ಆಕಾರಬಂದಿನಲ್ಲಿ, ನೆಲದೊಳಗಿನ ಬಾಂದು ಕಲ್ಲಿನಲ್ಲಿ. ನಮ್ಮ ಹಳೆಯ ಟಿಪ್ಪಣಿಗಳು ಸರಪಳಿ-ಆಣೆ ಲೆಕ್ಕದವು. ಒಂದು ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ಸರಪಳಿಗೆ ಹದಿನಾರು ಆಣೆ, ಅಂದರೆ ಒಂದು ಆಣೆ ಎರಡಡಿಗೆ ಚೂರು ಹೆಚ್ಚು. ಹಿಂದಿನವರು ಹತ್ತಿರದ ಆಣೆಗೆ ಹೊಂದಿಸಿ ಬರೆದಿದ್ದರೆ, ಅದರಲ್ಲಿ ಒಂದಡಿಯ ಹೆಚ್ಚುಕಡಿಮೆ ಆಗಲೇ ಕೂತಿದೆ. ಅದನ್ನು ಹದಿನಾಲ್ಕು ಮಿಲಿಮೀಟರಿನ ಯಂತ್ರದಿಂದ ನೆಲಕ್ಕಿಳಿಸಿದರೂ ಆ ಒಂದಡಿ ಮಾಯವಾಗುವುದಿಲ್ಲ. ಅಣ್ಣತಮ್ಮಂದಿರು "ಮಿಷನ್ನೇ ಹೇಳಿದೆ" ಎಂದು ಅರ್ಧ ಅಡಿಗೆ ಕೋರ್ಟಿಗೆ ಹೋಗುವ ಮುಂಚೆ ಈ ಲೆಕ್ಕ ತಿಳಿದುಕೊಂಡರೆ ಎಷ್ಟು ಮನೆಗಳು ಉಳಿದಾವು! ಅಲುಗಾಡದ ಹಳೆಯ ಕಲ್ಲು ಸಿಕ್ಕರೆ ಅನುಭವಸ್ಥ ಸರ್ವೆಯರ್ ಅದನ್ನೇ ಹಿಡಿದು ಮುಂದಿನ ಅಳತೆಗೆ ಹೊರಡುವುದೂ ಇದಕ್ಕೇ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು "ನೋಡಿ, ನಿಮ್ಮ ಮನೆ ನಮ್ಮ ಸರ್ವೆ ನಂಬರಿನಲ್ಲಿದೆ" ಎನ್ನುವವರಿಗಂತೂ ಐದು ಮೀಟರಿನ ಮಾತು ನೆನಪಿರಲಿ. ಯಾವ ಸರ್ವೆ ನಂಬರಿನ ಹತ್ತಿರ ನಿಂತಿದ್ದೇವೆ ಎಂದು ತಿಳಿಯಲು ಆ ಆ್ಯಪ್ ಬಹಳ ಉಪಕಾರಿ. ಬೇಲಿ ಹಾಕಲು ಅದು ಆಧಾರವಾಗದು.

ಎತ್ತರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಪಗ್ರಹ ಹೇಳುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ಭೂಮಿಯನ್ನು ನುಣುಪಾದ ಚಪ್ಪಟೆ ಗೋಳವೆಂದು ಎಣಿಸಿ ಅದರ ಮೈಯಿಂದ ಅಳೆದದ್ದು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವದ ಕೊರತೆಯಿಂದ ಕಡಲ ಮಟ್ಟ ಆ ಮೈಗಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಆ ತಗ್ಗಿನ ಅಂಚು ನಮ್ಮ ನಾಡಿಗೂ ಚಾಚಿದೆ. ಹೀಗಾಗಿ ಮಂಗಳೂರಿನ ಕಡಲ ದಂಡೆಯಲ್ಲಿ ರೋವರ್ ಊರಿದರೆ ಅದರ ಮೂಲ ಅಂಕಿ ಸೊನ್ನೆಗಿಂತ 80 ಮೀಟರಿಗೂ ಹೆಚ್ಚು ಕೆಳಗೆ ತೋರಿಸುತ್ತದೆ. ಈ ವ್ಯತ್ಯಾಸ ಊರಿಂದೂರಿಗೆ ಬೇರೆಯಾಗುವುದರಿಂದ ಕಾಲುವೆ ತೋಡುವವರು, ಚರಂಡಿ ಹಾಕುವವರು ಆ ಅಂಕಿಯನ್ನು ಹಾಗೇ ಹಿಡಿದರೆ ನೀರು ಹಿಂದಕ್ಕೆ ಹರಿದೀತು. ಪ್ರದೇಶಕ್ಕೆ ತಕ್ಕ ತಿದ್ದುಪಡಿ ಹಾಕಲೇಬೇಕು.

ನೆಲವೂ ನಿಂತಲ್ಲಿ ನಿಂತಿಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಆಂಟೆನಾ ಎಷ್ಟೋ ವರ್ಷಗಳಿಂದ ಆ ಚಲನೆಯನ್ನು ದಾಖಲಿಸುತ್ತ ಬಂದಿದೆ. ಇಡೀ ತೆಂಕಣ ಭಾರತ ಒಂದೇ ಹಲಗೆಯಂತೆ ಸಾಗುವುದರಿಂದ ನಿಮ್ಮ ಕಲ್ಲಿಗೂ ಪಕ್ಕದವರ ಕಲ್ಲಿಗೂ ಇರುವ ಅಂತರ ಕೆಡುವುದಿಲ್ಲ. ಆದರೆ ಜಾಗತಿಕ ಲೆಕ್ಕದ ಅಕ್ಷಾಂಶ-ರೇಖಾಂಶದ ಅಂಕಿ ಇಪ್ಪತ್ತು ವರ್ಷಕ್ಕೆ ಒಂದು ಮೀಟರ್ ಬದಲಾಗುತ್ತದೆ. ಅದಕ್ಕೇ ಅಂಕಿಯ ಜೊತೆ ಅದು ಯಾವ ವರ್ಷದ, ಯಾವ ಚೌಕಟ್ಟಿನ ಅಂಕಿ ಎಂದೂ ಬರೆದಿಡಬೇಕು.

ಈ ವಿದ್ಯೆಯ ಬಳಕೆ ಹೊಲದಾಚೆಗೂ ಹಬ್ಬಿದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾದ ಮನೆಮನೆಯ ಸುತ್ತ ಸುಣ್ಣದ ಗೆರೆ ಎಳೆಸಿ, ಮೇಲಿಂದ ಡ್ರೋನ್ ಹಾರಿಸಿ ಚಿತ್ರ ತೆಗೆದರು. ಪಹಣಿಯೇ ಇರದಿದ್ದ ಮನೆಜಾಗಗಳಿಗೆ ಮೊದಲ ಸಲ ನಕ್ಷೆ ಬಂತು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ವಿಮಾನಗಳಿಗೆ ಬೇಕಾದ ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹದಿಂದ ಸುರಿಸುತ್ತದೆ, 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ವಿಮಾನವೊಂದು ಅದನ್ನು ಬಳಸಿ ಇಳಿಯಿತು. ಎವರೆಸ್ಟ್ ಶಿಖರದ ತುದಿಯಲ್ಲೂ ಇಂಥದೇ ಯಂತ್ರ ಇಟ್ಟು ಅಳೆದ ಮೇಲೆಯೇ 2020ರ ಡಿಸೆಂಬರಿನಲ್ಲಿ ನೇಪಾಳ, ಚೀನಾ ಒಟ್ಟಿಗೆ 8,848.86 ಮೀಟರ್ ಎಂದು ಸಾರಿದ್ದು.

ನಮ್ಮ ತೋಟದಲ್ಲಿ ಅವತ್ತು ಸರ್ವೆಯರ್ ಬಯಲಿನಲ್ಲಿ ಎರಡು ಗೂಟ ಹೊಡೆಸಿ, ಎರಡನ್ನೂ ಫಿಕ್ಸ್ ಮಾಡಿಕೊಂಡು, ಟೇಪು ಹಿಡಿಸಿ ತೋಟದ ಮೂಲೆಗೆ ಬಂದರು. ಸರಪಳಿಗೆಂದು ಬಂದಿದ್ದ ಆಳುಗಳಿಗೆ ಕೊನೆಗೂ ಕೆಲಸ ಸಿಕ್ಕಿತು. ಟಿಪ್ಪಣಿಯ ಲೆಕ್ಕದಂತೆ ಗುರುತು ಮಾಡಿದ ಜಾಗದಲ್ಲಿ ಅಗೆದರೆ ಏನೂ ಇಲ್ಲ. ಗುಂಡಿಯನ್ನು ಮುಕ್ಕಾಲು ಅಡಿ ಪಡುವಣಕ್ಕೆ ಅಗಲಿಸಿದಾಗ ಹಾರೆ ಠಣ್ ಎಂದಿತು. ಮಣ್ಣು ಸವರಿದರೆ ಬಾಂದು ಕಲ್ಲಿನ ತಲೆ. ಸರ್ವೆಯರ್ ಕಲ್ಲಿನ ಅಕ್ಕಪಕ್ಕ ಕೈಯಿಂದ ಒತ್ತಿ, ಅದು ಕದಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಟೇಪನ್ನು ಅದರ ನೆತ್ತಿಗೆ ಹಿಡಿಸಿ ಅಳತೆ ಬರೆದುಕೊಂಡರು. ರೋವರನ್ನು ಆರಿಸಿ, ಊಟ ಮುಗಿಸಿ ಬಂದು, ಮತ್ತೆ ಹೊಸದಾಗಿ ಫಿಕ್ಸ್ ತೆಗೆದು ಬಯಲಿನ ಎರಡೂ ಗೂಟ ಅಳೆದರು. ಬೆಳಗಿನ ಅಳತೆಗೂ ಇದಕ್ಕೂ ಹನ್ನೊಂದು ಮಿಲಿಮೀಟರ್ ವ್ಯತ್ಯಾಸ. ಚಿಕ್ಕಪ್ಪ ಪಕ್ಕದ ಹೊಲದವರನ್ನೂ ಕರೆದು ಕಲ್ಲು ತೋರಿಸಿದರು; ಅವರು ಬಗ್ಗಿ ನೋಡಿ, ಹಾಳೆಗೆ ರುಜು ಹಾಕಿದರು.